ಕುಳಿಗೆ ಒಂದು ಗೇಣು ಮುಂಚೆ

ಗೌರಮ್ಮ, ಆರು ವರ್ಷದ ಹಿಂದೆ ನಿನ್ನ ಚೆಂಡು ಒಂಬತ್ತನೇ ಕುಳಿಗೆ ಒಂದು ಗೇಣು ಮುಂಚೆ ನಿಂತಿತಲ್ಲ — ಅದನ್ನು ನಿಲ್ಲಿಸಿದವನು ನಾನು.

ಸೋಮನಾಥಪುರದ ರಸ್ತೆಯಲ್ಲಿ, ನನ್ನ ಹೋಟೆಲಿನ ಹಿಂದೆ ಮಿನಿ ಗಾಲ್ಫ್ ಮಾಡಿಸಿದಾಗ ಊರವರು ನಕ್ಕಿದ್ದರು. ದೇವಸ್ಥಾನ ನೋಡಲು ಬಂದವರು ಇಲ್ಲಿ ನಿಂತು ಆಡುವಂತಾಗಿದ್ದು ನಿನ್ನಿಂದ. ಗುಡಿಸಲೆಂದು ಬನ್ನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ನೀನು ನೋಡಿ ನೋಡಿಯೇ ಆಟ ಕಲಿತೆ, ಆಮೇಲೆ ಬಂದವರಿಗೆಲ್ಲ ಕಲಿಸಿದೆ. "ಕಣ್ಣು ಚೆಂಡಿನ್ ಮೇಲಿರ್ಲಿ. ಮಣಿಕಟ್ಟು ಅಲ್ಲಾಡಬಾರ್ದು. ಭುಜದಿಂದ ತೂಗಿ, ತೊಟ್ಲು ತೂಗ್ದಂಗೆ." ಎಲ್ಲರಿಗೂ ಬುದ್ಧಿ ಹೇಳುವ ಚಟ ನನಗೆ. ಈ ಮಾತನ್ನು ನನ್ನದೆಂದೇ ಹೇಳಿಕೊಂಡು ತಿರುಗಿದ್ದೇನೆ.

ನಂಜನಗೂಡಿನ ಹತ್ತಿರದ ಒಂದು ರೆಸಾರ್ಟಿಗೆ ಆಟ ಹೇಳಿಕೊಡುವವರು ಬೇಕಾಗಿತ್ತು. ಇರಲು ಮನೆಯನ್ನೂ ಕೊಡುತ್ತಿದ್ದರು. ನಂಜನಗೂಡಿನ ಹಾಸ್ಟೆಲಿನಲ್ಲಿದ್ದ ಮಗಳನ್ನು ಜೊತೆಗಿಟ್ಟುಕೊಳ್ಳಬಹುದೆಂದು ನೀನು ಹಿಗ್ಗಿದ್ದೆ. ಅವರ ಮ್ಯಾನೇಜರು ನಿನ್ನ ಆಟ ನೋಡಲು ಬರುವ ದಿನ, ಬೆಳಿಗ್ಗೆ, ನಿನ್ನ ಕೈಯಿಂದ ಪೊರಕೆ ತೆಗೆದುಕೊಂಡೆ.

"ಇವತ್ತು ನೀನು ಕೂತ್ಕೊ ಕಣವ್ವ. ನಾನೇ ಗುಡಿಸ್ತೀನಿ."

"ಬ್ಯಾಡಿ ಅಣ್ಣ, ಸಾವ್ಕಾರ್ರ ಕೈಲಿ ಪೊರ್ಕೆ ಕೊಟ್ಟವ್ಳೆ ಅಂತ ನೋಡ್ದೋರು ನನ್ನ ಬೈತಾರೆ," ಎಂದು ನಕ್ಕೆ. ನಿನ್ನ ಕಣ್ಣು ತುಂಬಿತ್ತು.

ದಿನವೂ ನೀನು ಗುಡಿಸುತ್ತಿದ್ದುದು ಆಡುವವರು ನಿಲ್ಲುವ ಕಡೆಯಿಂದ ಕುಳಿಯ ಕಡೆಗೆ. ಹಸಿರು ಕಾರ್ಪೆಟ್ಟಿನ ಎಳೆಗಳು ಆ ಕಡೆಗೇ ಮಲಗಿ ಚೆಂಡು ಸರಾಗವಾಗಿ ಉರುಳುತ್ತಿತ್ತು. ಒಂಬತ್ತನೆಯದನ್ನು ನಾನು ಕುಳಿಯಿಂದ ಈಚೆಗೆ ಗುಡಿಸಿದೆ, ಒತ್ತಿ ಒತ್ತಿ. ಎಳೆಗಳು ಚೆಂಡಿಗೆ ಎದುರಾಗಿ ನಿಂತವು. ಬಗ್ಗಿ ನೋಡಿದ್ದರೆ ನಿನಗೆ ತಿಳಿಯುತ್ತಿತ್ತು — ನೀನು ನೋಡಲಿಲ್ಲ. ಗುಡಿಸಿದವನು ನಾನಲ್ಲವೇ.

ಎಂಟು ಕುಳಿ ತಪ್ಪಲಿಲ್ಲ. ಒಂಬತ್ತರಲ್ಲಿ ಚೆಂಡು ಎಂದಿನ ಹದದಲ್ಲೇ ಹೊರಟು, ತಡೆದು, ನಿಂತಿತು. ಮ್ಯಾನೇಜರು ಇನ್ನೆರಡು ಸಲ ಆಡಿಸಿದರು. ಒಂದು ಮತ್ತೆ ಈಚೆಗೇ ಉಳಿಯಿತು. ಗಾಬರಿಯಲ್ಲಿ ಜೋರಾಗಿ ಹೊಡೆದ ಇನ್ನೊಂದು ದಾಟಿಹೋಯಿತು. ಅವರು ನನ್ನ ಮುಖ ನೋಡಿದರು. ಆಗ ನಾನೇ, ನಿನಗೆ ಕೇಳುವ ಹಾಗೆ —

"ಯಾರಾದ್ರೂ ನೋಡ್ತಿದ್ರೆ ಇವ್ಳಿಗೆ ಕೈ ನಡುಗುತ್ತೆ ಸಾ."

ನೀನು ಹೊರಟುಹೋದರೆ ಈ ಜಾಗ — ಇಲ್ಲ, ಅದನ್ನು ಬರೆಯುವುದಿಲ್ಲ. ಬರೆದರೆ ನಿನ್ನ ಜೊತೆ ಚೌಕಾಸಿಗೆ ಇಳಿದಂತೆ. ಜೀವನವಿಡೀ ಅದನ್ನೇ ಮಾಡಿದ್ದೇನೆ.

ನಿನ್ನ ಮಗಳು ಮೂರು ವರ್ಷ ಹಾಸ್ಟೆಲಿನಲ್ಲೇ ಕಳೆದು ಓದು ಮುಗಿಸಿದಳು. ಈಗ ಮದುವೆಯಾಗಿ ಹೋಗಿದ್ದಾಳೆ. ಆ ಮೂರು ವರ್ಷಕ್ಕೆ ಬದಲು ಕೊಡುವಂಥದ್ದು ನನ್ನಲ್ಲಿ ಏನೂ ಇಲ್ಲ.

ನಿನ್ನೆ, ಆಡಲು ಅಳುಕುತ್ತಿದ್ದ ಒಬ್ಬ ಹೆಂಗಸಿಗೆ ನೀನು ಹೇಳುತ್ತಿದ್ದೆ: "ಎದ್ರಬ್ಯಾಡಿ ಅಕ್ಕ. ನಂಗೂ ಒಂದ್ಸಲ ಕೈ ನಡುಗಿ ಎಲ್ಲಾ ಓಯ್ತು." ನಾನು ಗಲ್ಲಾದಲ್ಲಿ ಕೂತು ಕೇಳಿಸಿಕೊಂಡೆ.

ನಾಳೆ ನೀನು ಬಸ್ಸಿಳಿದು ಬಂದು ಪೊರಕೆ ಹಿಡಿಯುವ ಮೊದಲೇ ಇದನ್ನು ನಿನ್ನೆದುರು ಓದುತ್ತೇನೆ. ಆಮೇಲೆ ನೀನು ಇರುವುದು, ಹೋಗುವುದು, ಉಗಿಯುವುದು — ನಾನು ಬುದ್ಧಿ ಹೇಳುವುದಿಲ್ಲ.

ನಿನ್ನ ಕೈ ನಡುಗಿರಲಿಲ್ಲ, ಗೌರಮ್ಮ.