ಹುರುಳಿಯ ಪಕ್ಕದ ಕಲ್ಲು

ನನ್ನ ಕಾರು ಗುದ್ದಿದ್ದು ಕಲ್ಲಿಗೋ ಮೋರಿಯ ಕಟ್ಟೆಗೋ ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಆ ಸಂಜೆ ಗೊತ್ತಿತ್ತು. ಆಮೇಲೆ ಅದನ್ನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ಕಣ್ಣ ಮುಂದೆ ಬರುವುದು ನಡೆದದ್ದೋ ನಾನು ಹೇಳಿದ್ದೋ ತಿಳಿಯದಾಗಿದೆ. ನಾನು ಹರಪನಹಳ್ಳಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು. ಕಣ್ಣಾರೆ ಕಂಡವನ ಮಾತನ್ನೂ ಸುಮ್ಮನೆ ನಂಬಬೇಡಿ ಎಂದು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ. ಆ ಮಾತು ನನಗೇ ತಿರುಗಿ ಬಿದ್ದಾಗ ಅದರಲ್ಲಿ ಯಾವ ಸೊಗಸೂ ಕಾಣಲಿಲ್ಲ.

ಅನುಮಾನವಿಲ್ಲದ್ದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಅಕ್ಕನನ್ನು ಕೊಟ್ಟಿರುವುದು ಕೋಗಳಿ ಕಡೆಯ ಒಂದು ಹಳ್ಳಿಗೆ. ಆ ಭಾನುವಾರ ಅವಳ ಮನೆಯಲ್ಲಿ ಉಂಡು, ಮಲಗೆದ್ದು, ಚಹಾ ಕುಡಿದು ಸಂಜೆ ಹೊರಟೆ. ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಊರು ದಾಟುತ್ತಲೇ ಡಾಂಬರು ರಸ್ತೆಯ ಎಡ ಅರ್ಧದುದ್ದಕ್ಕೂ ಹುರುಳಿ ಬಳ್ಳಿ ಹರವಿದ್ದರು. ಅಕ್ಕನ ಮನೆಯದೇ ಬೆಳೆ. ನಮ್ಮ ಕಡೆ ಈಗ ಕಣ ಮಾಡುವವರು ಕಡಿಮೆ. ರಸ್ತೆಗೆ ಹಾಕಿದರೆ ಓಡಾಡುವ ಗಾಡಿಗಳೇ ಒಕ್ಕಿ ಕೊಡುತ್ತವೆ. ಗಾಡಿಯವರು ಬಳ್ಳಿ ತಪ್ಪಿಸಿ ಖಾಲಿ ಬದಿಯಲ್ಲಿ ಹೋಗಬಾರದೆಂದು ಆ ಬದಿಗೆ ಕಲ್ಲು ಇಡುವುದುಂಟು. ನಾನು ಬಳ್ಳಿಯ ಮೇಲೆ ಹಾಯಿಸುವವನಲ್ಲ. ಅದು ಅಡಿಯಲ್ಲಿ ಸುತ್ತಿಕೊಂಡು, ಸೈಲೆನ್ಸರಿನ ಕಾವಿಗೆ ಬೆಂಕಿ ಹತ್ತಿದ ಸುದ್ದಿಗಳನ್ನು ಕೇಳಿದ್ದೆ. ಬಲಕ್ಕೆ ತಿರುಗಿಸಿದೆ. ಗುದ್ದಿತು.

ಬಂಪರ್ ಒಡೆದಿತ್ತು, ಬಲಗಡೆಯ ಲೈಟು ಪುಡಿಯಾಗಿತ್ತು, ಚಕ್ರ ಒಳಕ್ಕೆ ತಿರುಚಿಕೊಂಡಿತ್ತು. ನನಗೆ ಒಂದು ಗೀರೂ ಆಗಿರಲಿಲ್ಲ. ಇಳಿದಾಗ ಒಂದು ಮೊಳ ಎತ್ತರದ, ಒಂದು ಮಗ್ಗುಲಿಗೆ ಸುಣ್ಣ ಹಚ್ಚಿದ ಕಲ್ಲನ್ನು ನೋಡಿದೆ. ಅಥವಾ ನೋಡಿದೆ ಎಂದುಕೊಂಡಿದ್ದೇನೆ. ಅಕ್ಕನ ಗಂಡ, ನಾನು ಮಾವ ಎಂದು ಕರೆಯುವವರು, ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದರು. ಬೈಕಿನವರಿಬ್ಬರನ್ನು ನಿಲ್ಲಿಸಿ ಕಾರನ್ನು ಬದಿಗೆ ತಳ್ಳಿಸಿದರು. ಅಕ್ಕ ನನ್ನನ್ನು ಬೇವಿನ ಮರದ ಕೆಳಗೆ ಕೂರಿಸಿ ನೀರು ಕುಡಿಸಿದಳು. ಫೋಟೋ ತೆಗೆಯಬೇಕೆಂದು ಹೊಳೆದು ನಾನು ಮರಳಿ ಹೋಗುವಷ್ಟರಲ್ಲಿ ರಸ್ತೆಯ ಮೇಲೆ ಹುರುಳಿ ಇತ್ತು, ಗಾಜಿನ ಚೂರಿತ್ತು, ಕಲ್ಲು ಇರಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಅಂಚು ಒಡೆದ ಮೋರಿಯ ಕಟ್ಟೆ ಇತ್ತು.

“ಕಲ್ಲು ಎಲ್ಲಿ ಹೋತು ಮಾವ?”

“ಯಾವ ಕಲ್ಲು?” ಎಂದರು ಮಾವ. ಅವರ ಮುಖದಲ್ಲಿ ನಿಜವಾದ ಅಚ್ಚರಿಯೇ ಇತ್ತು. ಅದೇ ನನ್ನನ್ನು ಇವತ್ತಿಗೂ ಕಾಡುವುದು.

ಕಾರನ್ನು ಕೊಟ್ಟೂರಿನ ಗ್ಯಾರೇಜಿಗೆ ಎಳೆಸಿದೆ. ರಿಪೇರಿಗೆ ನನ್ನ ಒಂದು ತಿಂಗಳ ಸಂಬಳ ಬೇಕಿತ್ತು. ಕಾರಿನ ವಿಮೆ ಪಾಲಿಸಿ ಮಾಡಿಸಿಕೊಟ್ಟ ಏಜೆಂಟ್ ಆ ಊರಿನವನೇ, ಗ್ಯಾರೇಜಿಗೇ ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿ, “ನಾಯಿ ಅಡ್ಡ ಬಂತು ಅಂತ ಬರೀರಿ ಸರ್” ಎಂದ.

“ನಾಯಿ ಬಂದಿಲ್ಲ. ಕಲ್ಲು ಇಟ್ಟಿದ್ರು.”

“ಕಲ್ಲು ಅಂದ್ರ ಯಾರು ಇಟ್ರು ಅಂತಾರ, ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಟ್ಟು ಬರ್ರಿ ಅಂತಾರ. ನಾಯಿಗೆ ಆ ತಾಪತ್ರಯ ಇಲ್ಲ ನೋಡ್ರಿ.”

“ಇಲ್ಲದ ನಾಯಿ ಹೆಂಗ ಬರೀಲಿ?”

“ಇಲ್ಲದ ನಾಯೀನ ಚಲೋ ಸರ್. ಇದ್ದ ನಾಯಿ ಆಗಿದ್ರ ಅದರ ಮಾಲಕ ಜಗಳಕ್ಕ ಬರ್ತಿದ್ದ.”

ಗ್ಯಾರೇಜಿನವರೆಲ್ಲ ನಕ್ಕರು. ನಾನು ನಗಲಿಲ್ಲ. ಕಂಪ್ಲೇಂಟ್ ಎಂಬ ಮಾತು ತಲೆಯಲ್ಲಿ ಕೂತಿತ್ತು. ಮಾವ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದರು. ಹಿಂದಿನ ವರ್ಷದ ಸುಗ್ಗಿಯಲ್ಲಿ ಅವರ ಹುರುಳಿಯ ಮೇಲೆ ಬೈಕೊಂದು ಜಾರಿ ಬಿದ್ದು, ಪೊಲೀಸರು ಅವರನ್ನು ಕರೆಸಿ, ಇನ್ನೊಮ್ಮೆ ರಸ್ತೆಗೆ ಹಾಕಿದರೆ ಕೇಸೇ ಎಂದು ಬರೆಸಿಕೊಂಡು ಕಳಿಸಿದ್ದರು. ಮಾವನ ಪಂಚಾಯಿತಿ ಕೆಲಸಕ್ಕೆ ತಮ್ಮ ಕಡೆಯವನನ್ನು ತರಲು ಕಾದವರು ಊರಲ್ಲಿದ್ದರು. ಒಂದು ಕೇಸು ಅವರಿಗೆ ಸಾಕಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾಯಿ ಎಂದು ಬರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಸುಳ್ಳಿನ ಭಯದಿಂದಲ್ಲ. ಮಾವ ಎದುರಿಗೆ ನಿಂತು ಯಾವ ಕಲ್ಲು ಎಂದರಲ್ಲ, ಆ ಸಿಟ್ಟಿನಿಂದ.

ಮುಂದಿನ ಭಾನುವಾರ ಬಸ್ಸಿನಲ್ಲಿ ಹೋದೆ. ಅಕ್ಕ ಪಡಸಾಲೆಯಲ್ಲಿ ಕೂತು ದಬ್ಬಣದಿಂದ ಹುರುಳಿ ಚೀಲಗಳ ಬಾಯಿ ಹೊಲಿಯುತ್ತಿದ್ದಳು. ಏಜೆಂಟ್ ಹೇಳಿದ್ದನ್ನು ಫೋನಿನಲ್ಲಿ ಮೊದಲೇ ತಿಳಿಸಿದ್ದೆ. ತಲೆ ಎತ್ತದೆ ಕೇಳಿದಳು:

“ನಾಯಿ ಅಂತ ಬರದ್ರ ನಿನ್ನ ಕೈ ಸವದು ಹೋಗತೈತೇನ್ಲೇ ತಮ್ಮ?”

“ಬರೀತೀನಿ. ಆದ್ರ ಕಲ್ಲು ಇತ್ತು ಅಂತ ನೀ ನನ್ನ ಮುಂದ ಹೇಳು. ಹೊರಗ ಯಾರಿಗೂ ಹೇಳಾದು ಬ್ಯಾಡ.”

“ಇಲ್ಲದ ಕಲ್ಲು ಎಲ್ಲಿಂದ ತರ್ಲಿ? ಬಿಸಿಲು ಕಣ್ಣಿಗೆ ಬಡದಿತ್ತು, ಮೋರಿ ಕಟ್ಟಿಗೆ ಗುದ್ದಿದಿ.”

“ಹಂಗಾದ್ರ ಮೋರಿ ಅಂತಾನ ಬರೀತೀನಿ.”

ಬಾಗಿಲಲ್ಲಿ ನಿಂತಿದ್ದ ಮಾವ ಮೆಲ್ಲಗೆ ಹೇಳಿದರು: “ಮೋರಿ ಅಂದ್ರ ಆ ಬದಿಗ್ಯಾಕ ಹೋದಿ ಅಂತ ಕೇಳ್ತಾರಲ್ಲ ಮೇಷ್ಟ್ರ. ಆಗ ಹುರುಳಿ ಬರತೈತಿ. ಹುರುಳಿ ಹಿಂದ ನಾ ಬರ್ತೀನಿ.”

“ನಾನೇನು ನಿಮ್ಮ ಹೆಸರು ಬರೀತೀನೇನು?”

“ನೀ ಬರಿಯಂಗಿಲ್ಲಪ. ಬರಿಯೋರು ಬ್ಯಾರೆ ಅದಾರ.”

ಅಕ್ಕ ದಾರವನ್ನು ಹಲ್ಲಿನಿಂದ ಕಡಿದು ನನ್ನನ್ನು ನೋಡಿದಳು. “ಓದಿದಾಂವ ನೀನು, ನಿನಗ ಕಲ್ಲು ಬೇಕು. ನನಗ ಈತನ ಕೆಲಸ ಬೇಕು. ಎರಡೂ ಒಂದ ಮನ್ಯಾಗ ಆಗಾದಿಲ್ಲ.”

“ಹಂಗಂದ್ರ ಕಲ್ಲು ಇತ್ತು?”

“ಹಂಗಂದ್ರ ನೀ ಎದ್ದು ಬಸ್ಸು ಹಿಡಿ.”

ಬಸ್ಸಿನಲ್ಲಿ ಆ ಮಾತನ್ನು ತಿರುವಿ ತಿರುವಿ ನೋಡಿದೆ. ಅವಳು ಒಪ್ಪಿಕೊಂಡಳು ಎಂದು ಹರಪನಹಳ್ಳಿ ಮುಟ್ಟುವವರೆಗೂ ಅನ್ನಿಸುತ್ತಿತ್ತು. ಮನೆಗೆ ಬಂದ ಮೇಲೆ, ಹಟಮಾರಿ ತಮ್ಮನ ಬಾಯಿ ಮುಚ್ಚಿಸಲು ಯಾರಾದರೂ ಹಾಗೇ ಹೇಳುತ್ತಾರೆ ಎನ್ನಿಸಿತು. ಸುಣ್ಣ ಹಚ್ಚಿದ ಕಲ್ಲುಗಳು ನಮ್ಮ ರಸ್ತೆಗಳಲ್ಲಿ ಎಲ್ಲೆಲ್ಲೂ ಇವೆ; ಅವುಗಳಲ್ಲಿ ಒಂದನ್ನು ನನ್ನ ತಲೆಯೇ ಎತ್ತಿ ತಂದು ಅಲ್ಲಿ ಇಟ್ಟಿರಬಹುದು. ಹಾಗಿದ್ದರೂ ನಾನು ಬಿಡಲಿಲ್ಲ. ಅನುಮಾನ ಹೆಚ್ಚಿದಷ್ಟೂ ಹಟವೂ ಹೆಚ್ಚಿತು.

ತಡ ಮಾಡಿದರೆ ಕ್ಲೇಮ್ ತಿರಸ್ಕರಿಸುತ್ತಾರೆ ಎಂದು ಏಜೆಂಟ್ ಫೋನ್ ಮಾಡಿ ಎಚ್ಚರಿಸಿದ. ನಾನು ನಾಯಿಯನ್ನೂ ಬರೆಯಲಿಲ್ಲ, ಕಲ್ಲನ್ನೂ ಬರೆಯಲಿಲ್ಲ. ಕೈಯಿಂದ ದುಡ್ಡು ಕೊಟ್ಟು ಕಾರು ಬಿಡಿಸಿಕೊಂಡೆ. ಮಾವನ ಕೆಲಸ ಉಳಿಸಿದೆ ಎಂದು ಒಳಗೊಳಗೆ ದೊಡ್ಡವನಾದೆ, ಅದನ್ನು ಅವರು ಹೇಳಲಿ ಎಂದು ಕಾದೆ. ಹೂವಿನಹಡಗಲಿಯಲ್ಲಿ ನೆಂಟರ ಮದುವೆಯೊಂದರ ಪಂಕ್ತಿಯಲ್ಲಿ ಅಕ್ಕ ಹೇಳಿದ್ದು ಬೇರೆ. “ನಮ್ಮ ತಮ್ಮ ಭಾಳ ಲೆಕ್ಕದಾಂವ. ಕ್ಲೇಮ್ ಹಾಕಿದ್ರ ಮುಂದಿನ ವರ್ಷದ ಇನ್ಶೂರೆನ್ಸ್ ಬೋನಸ್ ಹೋಗತೈತಿ ಅಂತ ಸುಮ್ಮನಾದ.” ನಾನು ಎರಡು ಎಲೆ ಆಚೆ ಕೂತಿದ್ದೆ. ಅವಳಿಗೆ ಅದು ಗೊತ್ತಿತ್ತು ಎಂದೇ ನನ್ನ ನಂಬಿಕೆ. ಇದೂ ಬರೀ ನಂಬಿಕೆ.

ಆ ವರ್ಷ ಪಂಚಮಿಗೆ ಅವಳನ್ನು ತವರಿಗೆ ಕರೆತರಲು ಹೋಗಲಿಲ್ಲ. ಅಣ್ಣತಮ್ಮಂದಿರು ಹೋಗಿ ಕರೆಯದೆ ಬರುವ ಪದ್ಧತಿ ನಮ್ಮಲ್ಲಿಲ್ಲ. ನಾನು ಒಬ್ಬನೇ ತಮ್ಮ. ಅವಳು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಮರುವರ್ಷವೂ ಹಾಗೇ ಆಯಿತು. ಎರಡು ಸಲ ತಪ್ಪಿದ ಮೇಲೆ ಮೂರನೆಯ ಸಲ ಹೋಗಲು ಒಂದು ಕಾರಣ ಬೇಕಾಗುತ್ತದೆ, ನನ್ನಲ್ಲಿ ಅದಿರಲಿಲ್ಲ. ಈ ನಡುವೆ ರಸ್ತೆ ಅಗಲ ಮಾಡಿ ಆ ಮೋರಿಯನ್ನೂ ಕಿತ್ತು ಹೊಸದು ಕಟ್ಟಿದ್ದಾರೆ. ಅಲ್ಲಿ ನೋಡಿ ತಿಳಿಯುವಂಥದ್ದು ಏನೂ ಉಳಿದಿಲ್ಲ.

ಈ ವರ್ಷ ಪಾಲಿಸಿಯನ್ನು ಬೇರೆ ಕಂಪನಿಗೆ ಬದಲಾಯಿಸಲು ಹರಪನಹಳ್ಳಿಯ ಒಂದು ಕಚೇರಿಗೆ ಹೋಗಿದ್ದೆ. ರಸ್ತೆಯಲ್ಲಿ ಯಾರೋ ಇಟ್ಟ ಕಲ್ಲಿಗೆ ಗುದ್ದಿದರೆ ಏನು ಮಾಡಬೇಕು ಎಂದು ಬೇರೆಯವರ ವಿಷಯ ಕೇಳಿದಂತೆ ಕೇಳಿದೆ. “ಯಾರಿಗೂ ಪೆಟ್ಟಾಗಿಲ್ಲ ಅಂದ್ರೆ ಇಷ್ಟು ಸಣ್ಣದಕ್ಕೆ ಪೊಲೀಸ್ ಕಂಪ್ಲೇಂಟ್ ಕೇಳಲ್ಲ ಸರ್,” ಎಂದಳು ಅಲ್ಲಿದ್ದ ಹೆಣ್ಣುಮಗಳು. “ಕಲ್ಲಿಗೆ ಗುದ್ದಿತು ಅಂತ ಬರೆದ್ರೆ ಸಾಕು. ಇಟ್ಟವರು ಯಾರು ಅಂತ ನಾವು ತಗೊಂಡು ಏನ್ಮಾಡೋಣ?” ನಂಬಲಾಗದೆ ಹಳೆಯ ಕಂಪನಿಯ ಕಚೇರಿಯಲ್ಲೂ ವಿಚಾರಿಸಿದೆ. ಅಲ್ಲಿಯೂ ಅದನ್ನೇ ಹೇಳಿದರು, ನನ್ನ ಕಾರು ಗುದ್ದಿದ ವರ್ಷವೂ ನಿಯಮ ಹಾಗೇ ಇತ್ತು ಎಂದರು.