ಕೇಬಲ್ ಬಿಚ್ಚಿದ ಮೇಲೂ ಏರಿದ ಮುಳ್ಳು

ಗೆಳೆಯರೇ, ನನ್ನ ಮೋಟಾರು ಕಾರಿನ ಸ್ಪೀಡೋಮೀಟರ್ ಇವತ್ತು ಏನು ಮಾಡಿತು ಕೇಳಿ. ಗಾಡಿ ನಿಂತಿದ್ದರೂ ಅದರ ಮುಳ್ಳು ಇಪ್ಪತ್ತು ಮೈಲಿ ತೋರಿಸುತ್ತಿತ್ತು. ರಿಪೇರಿ ಮಾಡುವ ರುದ್ರಪ್ಪ ಮುಂದಿನ ಚಕ್ರದಿಂದ ಬರುವ ಕೇಬಲ್ ಬಿಚ್ಚಿದ. ಮುಳ್ಳು ಸೊನ್ನೆಗೆ ಬಿತ್ತು.

"ಇನ್ನ ಇದು ಸತ್ತಂಗೇ ಸ್ವಾಮಿ. ಒಂದು ಸುತ್ತು ಹೋಗಾಣ ನಡೀರಿ," ಎಂದು ಕೇಬಲ್ ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತ.

ಹೊಳಲ್ಕೆರೆ ರಸ್ತೆಯ ಇಳಿಜಾರಿನಲ್ಲಿ ಗಾಡಿ ಜೋರಾಗಿ ಓಡಿತು. ನನ್ನ ಪಕ್ಕದ ಸೀಟು ಖಾಲಿ. ತೀರಿಹೋದ ನನ್ನವಳು ಅಲ್ಲೇ ಕೂರುತ್ತಿದ್ದಳು. ಗಂಡನ ಹೆಸರು ಹಿಡಿದು ಕೂಗುವಂತಿಲ್ಲವಲ್ಲ, ವೇಗ ಹೆಚ್ಚಾದರೆ ಮೀಟರಿನ ಗಾಜನ್ನು ಬಳೆಯಿಂದ ತಟ್ಟುತ್ತಿದ್ದಳು.

ಟಿಣ್, ಟಿಣ್.

ನೋಡಿದೆ. ಮುಳ್ಳು ಮೂವತ್ತಕ್ಕೆ ಏರಿತ್ತು! ಗಾಬರಿಯಿಂದ ಬ್ರೇಕ್ ಒತ್ತಿ ತಿರುವಿನಲ್ಲೇ ಗಾಡಿ ನಿಲ್ಲಿಸಿದೆ. ತಿರುವಿನ ಆಚೆ ರಸ್ತೆ ತುಂಬ ಕುರಿಗಳು, ನಡುವೆ ಮರಿ ಎತ್ತಿಕೊಂಡ ಮುದುಕಿ.

"ಕೇಬಲ್ ನನ್ನ ಕೈಯಾಗೇ ಐತಲ್ರಿ!" ರುದ್ರಪ್ಪ ಹಿಂದಿನಿಂದ ಅದನ್ನು ಎತ್ತಿ ತೋರಿಸಿದ. "ಗಾಜು ತಟ್ಟಿದ್ಯಾರ್ರಿ?"

'ನೋ ಎಫೆಕ್ಟ್ ವಿದೌಟ್ ಎ...' ಎಂದು ಕಾಲೇಜಿನ ತರ್ಕಶಾಸ್ತ್ರದ ಪಾಠದಲ್ಲಿ ಓದಿದ್ದೆ. ಮುಂದಿನ ಪದ ಆಗ ನೆನಪಾಗಲಿಲ್ಲ, ಈಗಲೂ ಆಗುತ್ತಿಲ್ಲ.

ಹೊಸ ಮೀಟರ್ ತರಿಸ್ರಿ ಎನ್ನುತ್ತಾನೆ ರುದ್ರಪ್ಪ. ನೀವೆಲ್ಲ ಅಷ್ಟು ಹೇಳಿದರೂ ಎರಡನೆಯ ಮದುವೆಗೆ ಒಪ್ಪದವನು, ಎರಡನೆಯ ಮೀಟರಿಗೆ ಒಪ್ಪುತ್ತೇನೆಯೇ?