ಎಡಬಾಗಿಲಿನ ಸಂದು

ಮನುಷ್ಯನ ಬದುಕಿನಲ್ಲಿ ಆಯ್ಕೆಗಿಂತ ದೊಡ್ಡ ಹೊಣೆ ಇನ್ನೊಂದಿಲ್ಲ. ಒಂದನ್ನು ಆರಿಸಿಕೊಂಡವನು ಅದೇ ಗಳಿಗೆಯಲ್ಲಿ ಉಳಿದ ಎಲ್ಲವನ್ನೂ ಕಳೆದುಕೊಂಡಿರುತ್ತಾನೆ. ಈ ಘನವಾದ ವಿಚಾರ ನನಗೆ ಹೊಳೆದದ್ದು ಯಾವ ಬೆಟ್ಟದ ತುದಿಯಲ್ಲೂ ಅಲ್ಲ, ಗಂಗಾನಗರದ ಹಿಟ್ಟಿನ ಗಿರಣಿಯ ಮುಂದೆ ಐದು ಕೆಜಿ ರಾಗಿಯ ಚೀಲ ಹಿಡಿದು ನಿಂತಿದ್ದಾಗ. ಅದನ್ನು ಇನ್ನಷ್ಟು ಬೆಳೆಸುವಷ್ಟರಲ್ಲಿ ಗಿರಣಿಯಾತ, "ಸಾರ್, ನುಣ್ಣಗೋ ತರಿಯೋ?" ಎಂದು ಕೇಳಿದ. ಅದಕ್ಕೂ ಯೋಚಿಸಿ ಹೇಳುತ್ತೇನೆ ಎಂದೆ.

ವಿಚಾರಕ್ಕೆ ಕಾರಣ, ಎದುರುಗಡೆ ಎಳನೀರಿನ ಗಾಡಿಯ ಪಕ್ಕ ನಿಂತಿದ್ದ ಒಂದು ಆಕಾಶನೀಲಿ ಕಾರು. ಹಳೆಯದು, ಪುಟ್ಟದು; ಕಿಟಕಿಗಳು ಮಾತ್ರ ಮೈಗೆ ಮೀರಿದಷ್ಟು ದೊಡ್ಡವು. ಅದರ ನಂಬರು ನನಗೆ ಬಾಯಿಪಾಠ. ನಾಲ್ಕು ವರ್ಷದ ಹಿಂದೆ ಯಲಹಂಕದಲ್ಲಿ ಒಂದು ಭಾನುವಾರ ಅದನ್ನು ನಾನೇ ತಿರಸ್ಕರಿಸಿದ್ದೆ.

ತಿರಸ್ಕರಿಸುವುದು ನನ್ನ ಕಸುಬಾಗಿತ್ತು ಎಂದರೆ ನೀವು ನನ್ನನ್ನು ಯಾವುದೋ ಪತ್ರಿಕೆಯ ಸಂಪಾದಕನೆಂದು ತಿಳಿದೀರಿ. ಅಷ್ಟು ದೊಡ್ಡವನಲ್ಲ. ಜಾಲಹಳ್ಳಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ಕೂತಿದ್ದವನು. ಪಕ್ಕದ ಮೇಜಿನಲ್ಲಿ ಈರಣ್ಣ, ಬಾಗಲಕೋಟೆಯವನು. ತಯಾರಾದ ಬಿಡಿಭಾಗಗಳು ನಮ್ಮ ಮುಂದೆ ಬಂದು ಬೀಳುತ್ತಿದ್ದವು, ನಾವು ಅಳೆಯುತ್ತಿದ್ದೆವು. ಸರಿಯಿದ್ದರೆ ಇಬ್ಬರೂ ಸಹಿ ಹಾಕಬೇಕು. ಒಬ್ಬ ಹಾಕದಿದ್ದರೂ ಸಾಕು, ಅದಕ್ಕೆ ಕೆಂಪು ಪೆನ್ಸಿಲಿನ ಗೀಟು ಬಿದ್ದು ಮೂಲೆಯ ಪೆಟ್ಟಿಗೆ ಸೇರುತ್ತಿತ್ತು. ಯಾಕೆ ಹಾಕಲಿಲ್ಲ ಎಂದು ಇನ್ನೊಬ್ಬ ವಾದಿಸುವಂತಿರಲಿಲ್ಲ. ಮೂವತ್ತು ವರ್ಷದಲ್ಲಿ ಈ ವಿಷಯಕ್ಕೆ ನಮ್ಮಲ್ಲಿ ಒಂದು ಮಾತೂ ಬರಲಿಲ್ಲ. ನಮ್ಮ ಸ್ನೇಹದ ಹೆಗ್ಗಳಿಕೆ ಎಂದು ಅದನ್ನು ಬಹಳ ಜನಕ್ಕೆ ಹೇಳಿಕೊಂಡಿದ್ದೇನೆ. ಈಗ ಹೇಳಿಕೊಳ್ಳುವುದಿಲ್ಲ.

ನಿವೃತ್ತರಾದ ದಿನ ಕಾರ್ಖಾನೆಯವರು ಶಾಲು, ಹಾರ ಮತ್ತು ಗೋಡೆ ಗಡಿಯಾರ ಕೊಟ್ಟರು. ನಾನು ಸ್ವಂತ ದುಡ್ಡಿನಲ್ಲಿ ಕೊಂಡಿದ್ದ ಫೀಲರ್ ಗೇಜು ಮಾತ್ರ ಜೇಬಿನಲ್ಲೇ ಉಳಿಯಿತು. ತೆಳುವಾದ ಉಕ್ಕಿನ ಎಸಳುಗಳು, ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಎರಡು ವಸ್ತುಗಳ ನಡುವಿನ ಸಂದಿನಲ್ಲಿ ತೂರಿಸಿ ಅಳೆಯುವುದು. ನನ್ನ ವಯಸ್ಸಿನವರು ಜೇಬಿನಲ್ಲಿ ಮಾತ್ರೆ ಇಟ್ಟುಕೊಳ್ಳುತ್ತಾರೆ, ನಾನು ಇದನ್ನು.

ಕಾರಿನ ಮಾತು ತೆಗೆದವರು ಈರಣ್ಣನ ಹೆಂಡತಿ ನೀಲವ್ವ. ನಾನು ಅವರನ್ನು ಅವರ ಕಡೆಯ ರೂಢಿಯಂತೆ ವೈನಿ ಎನ್ನುತ್ತೇನೆ, ಅಂದರೆ ಅತ್ತಿಗೆ. ಒಂದು ಸಂಜೆ ಜಾಲಹಳ್ಳಿಯ ಅವರ ಮನೆಯಲ್ಲಿ ಚುರುಮುರಿಯ ತಟ್ಟೆ ಮುಂದಿಟ್ಟು ಹೇಳಿದರು: "ಅಣ್ಣಾರ, ಮೂವತ್ತು ವರ್ಷ ಆತು, ಯಶವಂತಪುರದಾಗ ರಾತ್ರಿ ರೈಲು ಹತ್ತತೀವಿ, ಮುಂಜಾನೆ ಬಾಗಲಕೋಟ್ಯಾಗ ಇಳೀತೀವಿ. ನಡುವ ಏನೈತಿ ಅಂತ ನಾ ಒಂದ್ಸಲಾನೂ ನೋಡಿಲ್ಲ. ಯಾರರ ಹೊತಗೊಂಡು ಹೋಗಿದ್ರೂ ಗೊತ್ತಾಗಂಗಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಪ್ರತಿ ಸಲವೂ ಅರೆನಿದ್ದೆಯಲ್ಲಿ ರೈಲು ಒಂದು ಉದ್ದನೆಯ ಸೇತುವೆ ದಾಟುವ ಸದ್ದು ಕೇಳಿಸುತ್ತಿತ್ತಂತೆ. ಎದ್ದು ಕೂತು ಕಿಟಕಿಗೆ ಮುಖ ಒತ್ತಿದರೂ ಬರೀ ಕತ್ತಲೆ. ಈಗ ಹಗಲು ಹೊತ್ತಿನಲ್ಲಿ, ತಾವು ನಿಲ್ಲಿಸು ಎಂದಲ್ಲಿ ನಿಲ್ಲುವ ಗಾಡಿಯಲ್ಲಿ, ಆ ನಡುವಿನ ಊರು ಕೆರೆ ಗುಡ್ಡಗಳನ್ನೆಲ್ಲ ನೋಡುತ್ತ ಹೋಗಬೇಕು. ಹೊಳೆ ಸಿಕ್ಕರೆ ಇಳಿದು ದಂಡೆಯ ಮೇಲೆ ನಿಲ್ಲಬೇಕು.

ಇದು ಬರೀ ಆಸೆಯಾಗಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ನೀಲವ್ವನವರಿಗೆ ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸವೆಯುವ ಕಾಯಿಲೆ. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. "ಹೋಗಿರೋದು ವಾಪಸ್ ಬರಲ್ಲ ಅಮ್ಮ, ಇರೋದನ್ನ ಉಳಿಸ್ಕೊಳಕ್ಕೆ ನೋಡೋಣ. ಊರುಗೀರು ನೋಡೋದಿದ್ರೆ ಈ ವರ್ಷವೇ ನೋಡ್ಬಿಡಿ" ಎಂದಿದ್ದರು ವೈದ್ಯರು. ಆ ಸಂಜೆ, ಈಗ ಎಷ್ಟು ಕಾಣಿಸುತ್ತದೆ ಎಂದು ನಾನು ಕೇಳಿದ್ದಕ್ಕೆ ವೈನಿ ಕೈಬಳೆ ತೆಗೆದು ಕಣ್ಣಿಗೆ ಹಿಡಿದು ತೋರಿಸಿದರು. "ಇದರಾಗಿಂದ ನೋಡಿದಂಗ. ಬಳಿ ಒಳಗಿಂದಷ್ಟ ಜಗತ್ತು. ಪರವಾಗಿಲ್ಲ, ದೊಡ್ಡ ಬಳಿ ಐತಿ ಇನ್ನೂ."

ಟ್ಯಾಕ್ಸಿ ಮಾಡಿಕೊಂಡು ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾವೂ ಕೇಳಿಕೊಂಡೆವು. ಟ್ಯಾಕ್ಸಿಯವ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಾನೆ, ಅವನಿಗೆ ಹೆದರಿ ನಾನು ನಿಲ್ಲಿಸು ಅನ್ನುವುದಿಲ್ಲ ಎಂದರು ವೈನಿ. ಈರಣ್ಣ ಆ ಹೊತ್ತಿಗಾಗಲೇ ಡ್ರೈವಿಂಗ್ ಶಾಲೆಗೆ ಸೇರಿ, ಹೆಬ್ಬಾಳದ ಮೇಲ್ಸೇತುವೆಯನ್ನು ಒಂದೇ ಗೇರಿನಲ್ಲಿ ದಾಟಿ ಬಂದಿದ್ದ. ಅಲ್ಲಿನ ದಟ್ಟಣೆಯಲ್ಲಿ ಎರಡನೆಯ ಗೇರು ಬೇಕಾಗಲಿಲ್ಲವಂತೆ. ಅಗ್ಗದ, ನಂಬುವಂಥ ಒಂದು ಹಳೆಯ ಕಾರು ಸಿಕ್ಕರೆ ಸಾಕಿತ್ತು.

ಯಲಹಂಕದ ಆಚೆ ಮುನಿರಾಜು ಎಂಬಾತ ಹಳೆಯ ಕಾರು ಮಾರುತ್ತಿದ್ದ. ಅವನ ತಂದೆ ರಾಗಿ ಬೆಳೆದ ಹೊಲದಲ್ಲಿ ಈಗ ಕಾರುಗಳು ಸಾಲಾಗಿ ನಿಂತಿದ್ದವು. ಒಂದೊಂದರ ಕನ್ನಡಿಗೂ ನಿಂಬೆಹಣ್ಣು ಮೆಣಸಿನಕಾಯಿ. ವೈನಿಯನ್ನೂ ಕರೆದುಕೊಂಡು ಹೋದೆವು. ಅವರು ಸಾಲಿನ ಮುಂದೆ ನಿಧಾನವಾಗಿ ತಲೆ ತಿರುಗಿಸುತ್ತ ನಡೆದು ನೀಲಿ ಕಾರಿನ ಹತ್ತಿರ ನಿಂತರು. ಮುಂದಿನ ಸೀಟಿನಲ್ಲಿ ಕೂತು ಗಾಜಿಳಿಸಿದರು. "ಕಿಟಕಿ ದೊಡ್ಡದೈತಿ. ಸಾಕ್ರೀ, ಇದ ಇರಲಿ."

"ಅಮ್ಮೋರ್ ಕಣ್ಣು ಕಣ್ಣು" ಎಂದ ಮುನಿರಾಜು, ಪಾಪ, ಏನೂ ತಿಳಿಯದೆ. "ಸಿಂಗಲ್ ಓನರ್ ಗಾಡಿ ಸಾ. ಮೇಷ್ಟ್ರು ಓಡ್ಸಿದ್ದು. ಒಂದಿನ ಪೀಂ ಪೀಂ ಅಂತ ಆರನ್ ಒಡ್ದಿಲ್ಲ ಅವ್ರು."

ಈರಣ್ಣ ಎಂಜಿನ್ನಿನ ಸದ್ದು ಕೇಳಿ ತಲೆಯಾಡಿಸಿದ. ಟೈರು ನೋಡಿದ. ರಸ್ತೆಗೆ ತೆಗೆದು ಸುತ್ತು ಹಾಕಿದ. ನಾವು ರೂಲು ಹಾಳೆಯಲ್ಲಿ ಒಂದು ನಮೂನೆ ತಯಾರಿಸಿಕೊಂಡು ಹೋಗಿದ್ದೆವು, ಅದರ ತಳದಲ್ಲಿ ಎರಡು ಸಹಿಗೆ ಜಾಗ. ಅವನು ತನ್ನ ಜಾಗದಲ್ಲಿ ಸಹಿ ಹಾಕಿ ಪೆನ್ನು ನನಗೆ ಕೊಟ್ಟ.

ನಾನು ಆಗ ಸುಮ್ಮನೆ ಬರೆದುಬಿಡಬೇಕಿತ್ತು. ಕೈ ಜೇಬಿಗೆ ಹೋಯಿತು. ಬಲಬಾಗಿಲಿನ ಸಂದು ಅಳೆದೆ, ಎಡಬಾಗಿಲಿನದು ಅಳೆದೆ. ಎಡಗಡೆ ಒಂದು ಎಸಳಿನಷ್ಟು ಹೆಚ್ಚಿತ್ತು. "ಈರಣ್ಣ, ಬಾಗಿಲು ಬಿಚ್ಚಿ ಕೂರಿಸಿದ್ದಾರೆ. ಎಲ್ಲೋ ಏಟು ತಿಂದಿದೆ" ಎಂದೆ. ನನ್ನ ಧ್ವನಿಯಲ್ಲಿದ್ದದ್ದು ಸಂತೋಷ. ಅದನ್ನು ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ನಿವೃತ್ತನಾದ ಮೇಲೆ ಮೊದಲ ಬಾರಿ ನಾನೊಂದು ದೋಷ ಕಂಡುಹಿಡಿದಿದ್ದೆ.

"ಬಾಗ್ಲಲ್ವಾ ಸಾ, ಬಾಗ್ಲಿಂದ ಏನ್ ಗಾಡಿ ಓಡ್ತದಾ?" ಎಂದ ಮುನಿರಾಜು.

ಈರಣ್ಣ ವಾದಿಸಲಿಲ್ಲ. ಒಬ್ಬ ಸಹಿ ಹಾಕದಿದ್ದರೆ ಇನ್ನೊಬ್ಬ ವಾದಿಸುವಂತಿಲ್ಲ. ವೈನಿ ಗಾಜು ಏರಿಸಿ ಇಳಿದು ಬಂದರು.

ಅಲ್ಲಿಂದ ಮುಂದಿನದು ಒಂದು ವರ್ಷಕ್ಕೂ ಹೆಚ್ಚಿನ ಭಾನುವಾರಗಳ ಕಥೆ. ಯಶವಂತಪುರದಲ್ಲಿ ನೋಡಿದ ಬೂದು ಕಾರಿನ ಎಂಜಿನ್ನು ಕನ್ನಡಿಯಂತಿತ್ತು. ಇಷ್ಟು ಶುಭ್ರವಾಗಿರುವ ಎಂಜಿನ್ನಿಗೆ ಏನೋ ಮುಚ್ಚಿಡುವುದಿರಬೇಕು ಎಂದು ಈರಣ್ಣ ಸಹಿ ಹಾಕಲಿಲ್ಲ. ಸೋಲದೇವನಹಳ್ಳಿಯ ಕಾರಿನ ಎಂಜಿನ್ನು ಕೊಳೆಯಾಗಿತ್ತು. ಅದಕ್ಕೆ ನಾನು ಹಾಕಲಿಲ್ಲ. ಆರ್.ಟಿ. ನಗರದ ಒಂದರಲ್ಲಿ ಮಲ್ಲಿಗೆಯ ಸೆಂಟು ಹೊಡೆದಿದ್ದರು. ನಾನು ಮ್ಯಾಟು ಎತ್ತಿ ನೆಲಕ್ಕೆ ಮೂಗು ಹಚ್ಚಿ, ಮಲ್ಲಿಗೆಯ ಕೆಳಗೆ ಮುಗ್ಗಲು ವಾಸನೆ ಇದೆ, ಮಳೆನೀರಿನಲ್ಲಿ ಮುಳುಗಿದ ಕಾರು ಎಂದು ತೀರ್ಪು ಕೊಟ್ಟೆ. ಮತ್ತೊಬ್ಬರು ನಾವು ಕೇಳಿದ ಬೆಲೆಗೆ ಚೌಕಾಸಿಯಿಲ್ಲದೆ ಒಪ್ಪಿಬಿಟ್ಟರು. ಅಂಥ ಮನುಷ್ಯರಿಂದ ಯಾರಾದರೂ ಕಾರು ಕೊಳ್ಳುತ್ತಾರೆಯೇ?

ಮುನಿರಾಜುವಿನ ಹತ್ತಿರ ಮತ್ತೆ ಮತ್ತೆ ಹೋದೆವು. ಐದನೆಯ ಸಲವೋ ಆರನೆಯ ಸಲವೋ ಅವನು ಕುರ್ಚಿ ಬಿಟ್ಟೇಳಲಿಲ್ಲ. "ಸಾ, ನೀವ್ ಗಾಡಿ ತಗೊಳಕ್ ಬತ್ತೀರೋ ಪೋಸ್ಟ್ ಮಾರ್ಟಂ ಮಾಡಕ್ ಬತ್ತೀರೋ? ಇಂಗೇ ನೋಡ್ತಾ ಓದ್ರೆ ನಿಮ್ ಫ್ಯಾಕ್ಟ್ರೀಲೇ ಒಂದ್ ಮಾಡ್ಸ್ಕೊಬೇಕಾಯ್ತದೆ." ನೀಲಿ ಕಾರು ಎಲ್ಲಿ ಎಂದು ಕೇಳಿದೆ. "ಅದಾ? ನೀವ್ ಓದ್ ಅದ್ನೈದ್ ನಿಮ್ಸಕ್ಕೇ ಓಯ್ತು."

ನಮ್ಮನ್ನು ಮೂರ್ಖರೆನ್ನಬೇಡಿ, ಅಥವಾ ಕೊನೆಗೆ ಅನ್ನಿ. ನಮ್ಮಲ್ಲಿ ಒಂದು ತರ್ಕವಿತ್ತು. ವೈನಿಯ ದೃಷ್ಟಿ ಕಿರಿದಾದಷ್ಟೂ, ದಾರಿಯಲ್ಲಿ ಕಾರು ಕೆಟ್ಟರೆ ಅವರ ಗತಿಯೇನು ಎಂಬ ಭಯ ನಮಗೆ ಹೆಚ್ಚಾಗುತ್ತಿತ್ತು. ಬಟಾಬಯಲಿನಲ್ಲಿ, ಬಿಸಿಲಿನಲ್ಲಿ, ತಂಪಾಗಿಡಬೇಕಾದ ಕಣ್ಣಿನ ಹನಿಗಳ ಜೊತೆಗೆ, ಎದುರಿನ ಲಾರಿ ಕಾಣದ ಹೆಂಗಸನ್ನು ರಸ್ತೆಬದಿ ನಿಲ್ಲಿಸಿಕೊಂಡು ಏನು ಮಾಡುವುದು? ಭಯ ಹೆಚ್ಚಿದಂತೆ ನಮ್ಮ ನಮೂನೆಗೆ ಹೊಸ ಕಲಮುಗಳು ಸೇರಿದವು. ಕಲಮು ಹೆಚ್ಚಿದಂತೆ ಪಾಸಾಗುವ ಕಾರು ಇಲ್ಲವಾಯಿತು. ದಿನಗಳು ತಮ್ಮ ಪಾಡಿಗೆ ತಾವು ಹೋದವು.

ನಾವು ಹಿಂತಿರುಗಿದಾಗಲೆಲ್ಲ ವೈನಿ ಬಾಗಿಲಲ್ಲೇ ಕೇಳುತ್ತಿದ್ದರು: "ಇವತ್ತರ ಯಾವುದರ ಪಾಸಾತೇನು?"

"ಇಲ್ಲ. ಬ್ಯಾಳಿ ಡಬ್ಬಿ ಅಳ್ಳಾಡಿಸಿದಂಗ ಸಪ್ಪಳ ಇತ್ತು" ಎನ್ನುತ್ತಿದ್ದ ಈರಣ್ಣ.

ಒಂದು ಭಾನುವಾರ ಅವರು ಕೇಳಲಿಲ್ಲ. ನಾನು ಒಳಗೆ ಹೋದಾಗ ಬೆರಳಿನ ಉಂಗುರ ತೆಗೆದು ಕಣ್ಣಿಗೆ ಹಿಡಿದು, ಅದರೊಳಗಿಂದ ನನ್ನ ದಿಕ್ಕಿಗೆ ನೋಡಿ, "ಅಣ್ಣಾರ, ಬಳಿ ಹೋತು. ಈಗ ಇಷ್ಟ ಉಳದೈತಿ" ಎಂದರು. ಅದರಲ್ಲಿ ದೂರಿನ ಲವಲೇಶವಿರಲಿಲ್ಲ. ದೂರಿದ್ದರೆ ನಾನು ಸಮರ್ಥನೆ ಹೇಳಿಕೊಳ್ಳಬಹುದಿತ್ತು. ಮುಂದಿನ ತಿಂಗಳು ಶಸ್ತ್ರಚಿಕಿತ್ಸೆ ಆಯಿತು, ಫಲ ಕೊಡಲಿಲ್ಲ. ನಂತರ ಅವರು ಉಂಗುರ ಹಿಡಿದು ತೋರಿಸುವುದನ್ನು ಬಿಟ್ಟರು.

ನಾವು ಕೊನೆಗೆ ಕಾರು ಕೊಂಡೆವು. ಬಿಳಿ ಬಣ್ಣದ್ದು, ಕಿಟಕಿ ಚಿಕ್ಕವು. ಎಲ್ಲ ಕಲಮುಗಳಲ್ಲೂ ಪಾಸು, ಎರಡು ಸಹಿ. ನಾಲ್ಕು ಬಾಗಿಲಿನ ಸಂದೂ ಒಂದೇ ಅಳತೆ. ಅಂಥ ಕಾರನ್ನು ನನ್ನ ಜೀವಮಾನದಲ್ಲಿ ನೋಡಿಲ್ಲ. ಆ ಹೊತ್ತಿಗೆ ವೈನಿಗೆ ಬೆಳಕು ಯಾವುದು, ನೆರಳು ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಇನ್ನು ಯಾಕೆ ಎಂದ ಈರಣ್ಣ. "ಹೋಗೂಣಂತ" ಎಂದರು ಅವರು. "ನೀವು ಇಬ್ರು ನೋಡಿ ಹೇಳ್ರಿ. ಜೀವಮಾನ ಪೂರ್ತಿ ನೋಡೂದ ನಿಮ್ಮ ಕೆಲಸ ಇತ್ತಲ್ಲ."

ಈರಣ್ಣ ಓಡಿಸಿದ. ವೈನಿ ಪಕ್ಕದಲ್ಲಿ, ನಾನು ಹಿಂದೆ. ತುಮಕೂರು, ಶಿರಾ, ಚಿತ್ರದುರ್ಗ. ಅವರು ನಿಲ್ಲಿಸು ಎಂದಲ್ಲೆಲ್ಲ ನಿಲ್ಲಿಸಿದೆವು. ಏನೈತಿ ಎಂದು ಕೇಳುವರು, ನಾನು ಹೇಳುವೆ. "ಹುಣಸೆ ಮರ, ವೈನಿ. ಒಂದು. ಎಡಕ್ಕೆ ಸ್ವಲ್ಪ ವಾಲಿದೆ." "ಗುಡ್ಡದ ಮೇಲೆ ಗಾಳಿಯಂತ್ರಗಳು. ಏಳು. ಎರಡು ತಿರುಗುತ್ತಿಲ್ಲ." ನನಗೆ ಬೇರೆ ಭಾಷೆ ಬರಲಿಲ್ಲ. ಕಂಡದ್ದನ್ನೆಲ್ಲ ದೋಷ ಹಿಡಿದೇ ಕಂಡವನ ಕೈಗೆ ಒಬ್ಬರ ಜಗತ್ತನ್ನು ಕೊಟ್ಟರೆ ಹೀಗಾಗುತ್ತದೆ.

ಹೊಸಪೇಟೆ ದಾಟಿದ ಮೇಲೆ ತುಂಗಭದ್ರೆಯ ಸೇತುವೆಯಾಚೆ ಇಳಿದೆವು. ಕೈಹಿಡಿದು ದಂಡೆಯವರೆಗೆ ಕರೆದೊಯ್ದೆವು. ನೀರಿನ ಸದ್ದಿಗೆ ಅವರು ಮುಖ ತಿರುಗಿಸಿ ನಿಂತರು.

"ಹೇಳ್ರಿ ಅಣ್ಣಾರ."

"ನೀರು ಅರ್ಧ ಹರವಿಗಿದೆ. ಮಣ್ಣಿನ ಬಣ್ಣ. ನಡುವೆ ಬಂಡೆಗಳು. ಒಂದು ಬಂಡೆ ಮೇಲೆ ಸೀರೆ ಒಣಹಾಕಿದ್ದಾರೆ."

"ಚಂದ ಐತೇನು?"

ನಾನು ಈರಣ್ಣನ ಮುಖ ನೋಡಿದೆ, ಅವನು ನನ್ನದು. ಮೂವತ್ತು ವರ್ಷದ ಯಾವ ನಮೂನೆಯಲ್ಲೂ ಆ ಪ್ರಶ್ನೆ ಇರಲಿಲ್ಲ. ಈರಣ್ಣ ಈ ದಂಡೆಯಿಂದ ಆ ದಂಡೆಯವರೆಗೆ ಕಣ್ಣಾಡಿಸಿ ಹೇಳಿದ: "ನೀಲಾ, ಅದರಾಗ ಏನೂ ತಪ್ಪಿಲ್ಲ."

"ಅಂದ್ರ ಪಾಸು" ಎಂದರು ನೀಲವ್ವ. ಈರಣ್ಣ ಕಾರಿನ ಬೀಗದಕೈ ಮರೆತೆನೆಂದು ಆಚೆ ಹೋದ. ಬೀಗದಕೈ ಅವನ ಕೈಯಲ್ಲೇ ಇತ್ತು.

ಇವತ್ತು ಗಿರಣಿಯಲ್ಲಿ ಚೀಲ ಬಿಟ್ಟು ರಸ್ತೆ ದಾಟಿದೆ. ನೀಲಿ ಕಾರಿನ ಎಡಬಾಗಿಲಿಗೆ ಗೇಜಿನ ಎಸಳು ತೂರಿಸುತ್ತಿದ್ದಾಗ ಒಡೆಯ ಎಳನೀರು ಹಿಡಿದೇ ಬಂದ. "ಏನ್ ಅಂಕಲ್, ಏನ್ ಮಾಡ್ತಿದೀರಾ?"

"ಈ ಕಾರನ್ನ ಒಂದ್ಸಲ ನಾವು ನೋಡಿದ್ವಿ. ಹೇಗೆ ಓಡ್ತಿದೆ?"

"ಸೂಪರ್ ಗಾಡಿ ಅಂಕಲ್. ಧರ್ಮಸ್ಥಳ, ಹಂಪಿ, ಗೋಕರ್ಣ, ಎಲ್ಲಾ ಕಡೆ ಹೋಗ್ಬಂದಿದೀವಿ. ಒಂದಿನ ಕೈ ಕೊಟ್ಟಿಲ್ಲ."

"ಈ ಬಾಗಿಲು?"

"ಬಾಗಿಲಿಗೇನಾಗಿದೆ?" ಅವನು ಬಗ್ಗಿ ನೋಡಿದ. ಅವನಿಗೆ ಏನೂ ಕಾಣಲಿಲ್ಲ.

ಈರಣ್ಣನಿಗೆ ಹೇಳಲು ಫೋನು ತೆಗೆದೆ, ಮತ್ತೆ ಒಳಗಿಟ್ಟೆ. ಈ ವರದಿಗೆ ಒಂದೇ ಸಹಿ ಸಾಕು, ನನ್ನದು. ಗಿರಣಿಯಾತನಿಗೆ ನುಣ್ಣಗೆ ಎಂದು ಹೇಳಿ, ಹಿಟ್ಟು ತೆಗೆದುಕೊಂಡು ಮನೆಗೆ ಬಂದೆ. ಗೇಜನ್ನು ಮೇಜಿನ ಖಾನೆಯಲ್ಲಿಟ್ಟೆ.

ಎಡಬಾಗಿಲಿನ ಸಂದು ನಾಲ್ಕು ವರ್ಷದಲ್ಲಿ ಹೆಚ್ಚಾಗಿಲ್ಲ. ನಮ್ಮ ಬಿಳಿ ಕಾರು ಬಾಗಲಕೋಟೆಗೆ ಹೋಗಿ ಬರುವಾಗ ದಾರಿಯಲ್ಲಿ ಎಲ್ಲಿಯೂ ಕೆಟ್ಟು ನಿಲ್ಲಲಿಲ್ಲ.